ಹದಿಹರೆಯದವರು ನಿಜವಾದ ನಾಯಕರಾಗಬಲ್ಲರೇ? ಶಾಲಾ ಸಂಸತ್ತು ನಡೆಸುವವರಿಗೊಂದು ಮಾರ್ಗದರ್ಶಿ

ಶಾಲೆ ಶುರುವಾಗಿ ಶಾಲಾ ಸಂಸತ್ತಿನ ಚುನಾವಣೆ ಹತ್ತಿರ ಬಂತೆಂದರೆ ಶಿಕ್ಷಕರೂ ಪೋಷಕರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. "ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸರಿ ತಪ್ಪಿನ ಬುದ್ಧಿಯೇ ಇನ್ನೂ ಬಲಿತಿರುವುದಿಲ್ಲ. ಅವರನ್ನು ನಾಯಕರು ಅನ್ನೋದು ನಾಟಕ ಅಲ್ವಾ?" ಎನ್ನುವವರು ಕೆಲವರು. "ಮಗಳು ಕ್ಲಾಸ್ ಲೀಡರ್ ಆದ ಮೇಲೆ ಚಾಡಿಕೋರಿ ಅಂತ ಗೆಳತಿಯರೇ ಮಾತು ಬಿಟ್ಟಿದ್ದಾರೆ, ಬಿಡಿಸಿಬಿಡಲಾ?" ಎನ್ನುವವರು ಇನ್ನು ಕೆಲವರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಚಿಕ್ಕ ಉತ್ತರ ಮೊದಲು: ಆಗಬಲ್ಲರು. ಆದರೆ ಅದಕ್ಕೆ ಮೂರು ಷರತ್ತುಗಳಿವೆ. ನಾಯಕಿಯಾದ ಹುಡುಗಿಯ ಕೈಯಲ್ಲಿ ನಿಜವಾದ ಒಂದು ನಿರ್ಧಾರ ಇರಬೇಕು. ಆ ನಿರ್ಧಾರಕ್ಕೆ ಕಾರಣ ಕೇಳುವವರಿರಬೇಕು. ತನ್ನ ಸ್ನೇಹಿತರಿಗೇ "ಇಲ್ಲ" ಎನ್ನಬೇಕಾದ ದಿನ ಅವಳ ಬೆನ್ನಿಗೆ ದೊಡ್ಡವರೊಬ್ಬರು ನಿಲ್ಲಬೇಕು. ಇವು ಇಲ್ಲದ ಕಡೆ ನಲವತ್ತು ದಾಟಿದವರೂ ನಟಿಸುತ್ತಾರೆ, ಮಕ್ಕಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಮೊದಲು ಎರಡು ಪರಿಭಾಷೆ

ನೈಜ ನಾಯಕತ್ವ: ಆಡಳಿತ ಶಾಸ್ತ್ರದವರು ಈ ಶತಮಾನದ ಆರಂಭದಿಂದ ಹೆಚ್ಚಾಗಿ ಬಳಸುತ್ತಿರುವ ಪರಿಕಲ್ಪನೆ. ಇದರಲ್ಲಿ ನಾಲ್ಕು ಅಂಶಗಳನ್ನು ಎಣಿಸುತ್ತಾರೆ. ತನ್ನ ಬಲ, ದೌರ್ಬಲ್ಯ ತನಗೆ ಗೊತ್ತಿರುವುದು, ಹೊರಗಿನ ಒತ್ತಡಕ್ಕೆ ಬಾಗದೆ ತಾನು ನಂಬಿದ ಮೌಲ್ಯದಂತೆ ನಡೆಯುವುದು, ತನಗೆ ಹಿಡಿಸದ ಅಭಿಪ್ರಾಯವನ್ನೂ ಕೇಳಿ ತೂಗುವುದು, ಜೊತೆಯವರೊಂದಿಗೆ ಮುಚ್ಚುಮರೆ ಇಲ್ಲದಿರುವುದು. ಭಾಷಣ ಮಾಡುವ ಕಲೆ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ.

ನೈತಿಕ ವಿಕಾಸ: ಸರಿ ತಪ್ಪಿನ ಬುದ್ಧಿ ವಯಸ್ಸಿನೊಂದಿಗೆ ಬಲಿಯುವ ಬಗೆ. ಡಿ.ಎಡ್., ಬಿ.ಎಡ್. ಮಾಡಿದವರಿಗೆ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬರೆದವರಿಗೆ ಕೋಲ್ಬರ್ಗ್ ಹೆಸರು ಬಾಯಿಪಾಠ. ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೀರಿ, ಅಷ್ಟೇ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್ಬರ್ಗ್ 1958ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕಾಗಿ 10, 13 ಮತ್ತು 16 ವಯಸ್ಸಿನ 72 ಹುಡುಗರನ್ನು ಮಾತಾಡಿಸಿದ್ದ. ಸಾಯುತ್ತಿರುವ ಹೆಂಡತಿಗಾಗಿ, ಕೈಗೆಟುಕದ ಬೆಲೆಯ ಔಷಧವನ್ನು ಗಂಡ ಕದಿಯಬಹುದೇ ಎನ್ನುವಂಥ ಇಕ್ಕಟ್ಟಿನ ಕಥೆಗಳನ್ನು ಅವರ ಮುಂದಿಟ್ಟ. ಕದಿಯಬಹುದು, ಕದಿಯಬಾರದು ಎನ್ನುವ ಉತ್ತರಕ್ಕೆ ಅವನ ಲೆಕ್ಕದಲ್ಲಿ ಬೆಲೆ ಇರಲಿಲ್ಲ. ಹುಡುಗ ಕೊಡುವ ಕಾರಣ ಮುಖ್ಯ. ಆ ಕಾರಣಗಳನ್ನು ಆರು ಹಂತಗಳಾಗಿ, ಮೂರು ಮಟ್ಟಗಳಾಗಿ ಜೋಡಿಸಿದ. ಕೆಳಗಿನ ಮಟ್ಟದಲ್ಲಿ ಏಟಿನ ಭಯ ಮತ್ತು ಸ್ವಂತ ಲಾಭ. ನಡುವಿನ ಮಟ್ಟದಲ್ಲಿ ಮೂರನೇ ಹಂತವಾಗಿ "ನಾಲ್ಕು ಜನ ಒಳ್ಳೆಯವನು ಅನ್ನಬೇಕು" ಎಂಬುದು, ನಾಲ್ಕನೆಯದಾಗಿ ಕಾನೂನು ಮತ್ತು ಶಿಸ್ತು. ಮೇಲಿನ ಮಟ್ಟದಲ್ಲಿ ನಿಯಮವನ್ನೇ ನ್ಯಾಯದ ತಕ್ಕಡಿಗೆ ಹಾಕಿ ನೋಡುವ ಬುದ್ಧಿ.

ಹೈಸ್ಕೂಲ್ ಮಕ್ಕಳಲ್ಲಿ ಹೆಚ್ಚಿನವರು ಸಿಗುವುದು ಮೂರನೇ ಹಂತದ ಆಸುಪಾಸಿನಲ್ಲಿ. ಕೆಲವರು ನಾಲ್ಕಕ್ಕೆ ಕಾಲಿಟ್ಟಿರುತ್ತಾರೆ. ಹಾಗಾದರೆ ಒಳಗಿನ ಮೌಲ್ಯದಂತೆ ನಡೆಯುವ ನಾಯಕತ್ವ ಇವರಿಗೆ ಎಲ್ಲಿಂದ ಬಂತು ಎಂಬ ಆಕ್ಷೇಪ ಹುಟ್ಟುವುದು ಇಲ್ಲೇ. ಆಕ್ಷೇಪ ಸರಿ, ಆದರೆ ಅರ್ಧ. ಕೋಲ್ಬರ್ಗ್ ಪ್ರಕಾರವೇ ದೊಡ್ಡವರಲ್ಲೂ ಬಹುಪಾಲು ನಾಲ್ಕನೇ ಹಂತದ ಸುತ್ತಲೇ ನಿಂತಿರುತ್ತಾರೆ. ಮೇಲಿನ ಮಟ್ಟ ತಲುಪಿದವರಿಗಷ್ಟೇ ನಾಯಕತ್ವ ಎಂದರೆ ಸ್ಟಾಫ್ ರೂಮೇ ಖಾಲಿಯಾದೀತು. ಇನ್ನೊಂದು ವಿಷಯ: ಅವನು ಮೊದಲು ಮಾತಾಡಿಸಿದ್ದು ಹುಡುಗರನ್ನು ಮಾತ್ರ. ಮನೋವಿಜ್ಞಾನಿ ಕೆರೋಲ್ ಗಿಲಿಗನ್ 1982ರಲ್ಲಿ ಇದನ್ನೇ ಆಕ್ಷೇಪವಾಗಿ ಎತ್ತಿದಳು. ನ್ಯಾಯದ ಲೆಕ್ಕಾಚಾರದಷ್ಟೇ ಜೊತೆಯವರ ಕಾಳಜಿಯೂ ನೈತಿಕತೆಯ ಪಕ್ವ ರೂಪ ಎಂಬುದು ಅವಳ ವಾದ. ಮೂಲೆಯಲ್ಲಿ ಅಳುತ್ತ ಕೂತವಳ ಪಕ್ಕಕ್ಕೆ ಹೋಗಿ ಕೂರುವ ಹುಡುಗಿಗೆ ನಿಮ್ಮ ಶಾಲೆಯಲ್ಲಿ ಎಂದಾದರೂ ಬ್ಯಾಡ್ಜ್ ಸಿಕ್ಕಿದೆಯೇ?

ಏನೇನು ಬೇಕು

ಖರ್ಚಿನ ಬಾಬತ್ತು ಏನೂ ಇಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್, ವಾರಕ್ಕೊಂದು ಪೀರಿಯಡ್, ಮುಖ್ಯ ಶಿಕ್ಷಕರ ಒಪ್ಪಿಗೆ ಮತ್ತು ಮಕ್ಕಳು ಮಾತಾಡುವಾಗ ಬಾಯಿ ಮುಚ್ಚಿಕೊಂಡು ಕೂರಬಲ್ಲ ಒಬ್ಬ ಶಿಕ್ಷಕರು. ಕೊನೆಯದು ಸಿಗುವುದು ಕಷ್ಟ.

1. ಮಕ್ಕಳ ಕೈಗೆ ಏನನ್ನು ಕೊಡುತ್ತೀರಿ ಎಂದು ಚುನಾವಣೆಗೆ ಮೊದಲೇ ಬರೆಯಿರಿ

ಪ್ರಧಾನಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಎಂದು ಖಾತೆ ಹಂಚಿ, ಪ್ರಮಾಣವಚನ ಮಾಡಿಸಿ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಹೆಚ್ಚಿನ ಕಡೆ ಸಂಸತ್ತು ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಸ್ವಚ್ಛತಾ ಮಂತ್ರಿಯ ಕೆಲಸ ಕಸ ಹೆಕ್ಕಿಸುವುದು, ಪ್ರಧಾನಿಯ ಕೆಲಸ ಅತಿಥಿಗೆ ಹೂಗುಚ್ಛ ಕೊಡುವುದು.

ಇದರ ಬದಲು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಪಟ್ಟಿ ಮಾಡಿ. ಒಂದು, ಮಕ್ಕಳೇ ನಿರ್ಧರಿಸುವುದು: ಆಟದ ಸಾಮಾನು ಯಾವ ಕ್ಲಾಸಿಗೆ ಯಾವ ದಿನ, ಬಿಸಿಯೂಟದ ಸಾಲು ಹೇಗೆ, ಗ್ರಂಥಾಲಯದ ಪುಸ್ತಕ ಯಾರು ಎಷ್ಟು ದಿನ ಇಟ್ಟುಕೊಳ್ಳಬಹುದು, ಶಾಲಾ ವಾರ್ಷಿಕೋತ್ಸವದಲ್ಲಿ ಯಾವ ಕಾರ್ಯಕ್ರಮ. ಎರಡು, ಮಕ್ಕಳು ಹೇಳಬಹುದು, ನಿರ್ಧಾರ ದೊಡ್ಡವರದು: ವೇಳಾಪಟ್ಟಿ, ಪ್ರವಾಸ, ಕಟ್ಟಡ, ಹಣ. ಇವೆರಡರಲ್ಲೂ ಇಲ್ಲದ ವಿಷಯದ ಬಗ್ಗೆ ಮಾತು ಕೊಡಬೇಡಿ. ಮೊದಲ ಪಟ್ಟಿ ಚಿಕ್ಕದಾಗಿದ್ದರೂ ಅಡ್ಡಿಯಿಲ್ಲ, ಆದರೆ ಅದರಲ್ಲಿ ಬರೆದದ್ದನ್ನು ಆಮೇಲೆ ಹಿಂದಕ್ಕೆ ಪಡೆಯಬಾರದು.

ಎಚ್ಚರಿಕೆ: ದೊಡ್ಡವರ ಅನುಕೂಲಕ್ಕಾಗಿ ಮಕ್ಕಳ ತಲೆಗೆ ಪಟ್ಟ ಕಟ್ಟುವುದು ಹೊಸದೇನಲ್ಲ. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡಾಗ ಜಯಣ್ಣ ಎಂಬ ಬಾಲಕನನ್ನು ಅಮಲ್ದಾರನನ್ನಾಗಿ (ಇಂದಿನ ತಹಶೀಲ್ದಾರ), ಮಲ್ಲಪ್ಪ ಎಂಬ ಬಾಲಕನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿ ಮಾಡಿತು. ಅಪ್ರಾಪ್ತರನ್ನು ಜೈಲಿಗೆ ಹಾಕಲಾಗದು ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತೆಂದು ಹೇಳುತ್ತಾರೆ. ಆ ಊರಿನ ಧೈರ್ಯ ದೊಡ್ಡದು, ಐವರು ಗಲ್ಲಿಗೇರಿದ ಊರದು. ಆದರೂ ನಮ್ಮ ಪ್ರಶ್ನೆಯ ಮಟ್ಟಿಗೆ ಆ ಇಬ್ಬರು ಬಾಲಕರದ್ದು ಪದವಿಯೇ ಹೊರತು ನಾಯಕತ್ವವಲ್ಲ. ನಿಮ್ಮ ಶಾಲೆಯ ಪ್ರಧಾನಿಯ ಪದವಿ ಯಾರ ಅನುಕೂಲಕ್ಕೆಂದು ಒಮ್ಮೆ ಕೇಳಿಕೊಳ್ಳಿ.

2. ಚುನಾವಣೆ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮೊಬೈಲ್ ಆ್ಯಪಿನಲ್ಲಿ ಮತಯಂತ್ರ ಮಾಡುವುದನ್ನು ನೀವೆಲ್ಲ ಬಲ್ಲಿರಿ. ಎರಡೇ ಮಾತು. ಅಭ್ಯರ್ಥಿಗಳನ್ನು ಅಂಕ ನೋಡಿ ನೀವೇ ಆರಿಸಿ ಮತದಾನವನ್ನು ಮಾತ್ರ ಮಕ್ಕಳಿಗೆ ಬಿಡಬೇಡಿ. ಅವಧಿ ಒಂದಿಡೀ ವರ್ಷ ಬೇಡ, ದಸರಾ ರಜೆಯ ಹೊತ್ತಿಗೆ ಬದಲಾಗಲಿ. ಸೋತವರಿಗೂ ಕೆಲವೇ ತಿಂಗಳಲ್ಲಿ ಇನ್ನೊಂದು ಅವಕಾಶ, ಗೆದ್ದವರಿಗೆ ಕುರ್ಚಿ ಬಿಡುವ ಅಭ್ಯಾಸ.

3. ಬೋರ್ಡಿನ ಮೇಲೆ ಹೆಸರು ಬರೆಸುವುದನ್ನು ನಿಲ್ಲಿಸಿ

"ಮಾತಾಡಿದವರ ಹೆಸರು ಬರಿ" ಎಂದು ಲೀಡರ್ ಕೈಗೆ ಚಾಕ್‌ಪೀಸ್ ಕೊಟ್ಟು ಮೇಷ್ಟ್ರು ಹೊರಗೆ ಹೋಗುವುದು ನಮ್ಮ ಶಾಲೆಗಳ ಅತಿ ಹಳೆಯ ಪದ್ಧತಿ. ಆ ಬೋರ್ಡನ್ನು ಹತ್ತಿರದಿಂದ ನೋಡಿ. ಮೊದಲು ಬೀಳುವುದು ಕೊನೆಯ ಬೆಂಚಿನವನ ಹೆಸರು. ಅದರ ಮುಂದೆ ಒಂದು ಇಂಟು ಮಾರ್ಕು, ಮತ್ತೆ ಮಾತಾಡಿದರೆ ಎರಡು, ಮೂರು. ಆಪ್ತ ಸ್ನೇಹಿತನ ಹೆಸರು ಬರೆದಿದ್ದರೂ ಮೇಷ್ಟ್ರ ಚಪ್ಪಲಿ ಸದ್ದು ವರಾಂಡದಲ್ಲಿ ಕೇಳಿಸುವಷ್ಟರಲ್ಲಿ ಅಂಗೈಯಿಂದ ಒರೆಸಿ ಆಗಿರುತ್ತದೆ. ಒರೆಸಿದ ಜಾಗ ಬೆಳ್ಳಗೆ ಹಾಗೇ ಉಳಿದಿರುತ್ತದೆ, ಇಡೀ ಕ್ಲಾಸಿಗೆ ಅದು ಯಾರ ಹೆಸರೆಂದು ಗೊತ್ತು.

ಮೂರನೇ ಹಂತದಲ್ಲಿರುವ ಹುಡುಗನ ಇಡೀ ಲೋಕ ಸ್ನೇಹಿತರ ಮೆಚ್ಚುಗೆಯ ಮೇಲೆ ನಿಂತಿದೆ. ಅವನಿಗೆ ನೀವು ಕೊಟ್ಟಿದ್ದು ಸ್ನೇಹಿತರನ್ನು ಹಿಡಿದುಕೊಡುವ ಕೆಲಸ, ಅದೂ ನಿಮ್ಮ ಪರವಾಗಿ. ಅವನು ಸುಳ್ಳಾಡಿದರೆ ಲೀಡರ್ ಆಗಿ ಕೆಟ್ಟ, ನಿಜ ಬರೆದರೆ ಗೆಳೆಯನಾಗಿ ಕೆಟ್ಟ. ಮಗಳನ್ನು ಚಾಡಿಕೋರಿ ಅನ್ನುತ್ತಾರೆ ಎಂದು ಬರೆದ ತಾಯಂದಿರೇ, ನಿಮ್ಮ ಮಗಳ ತಪ್ಪು ಇದರಲ್ಲಿ ಬಹಳ ಕಡಿಮೆ. ಲೀಡರ್ ಪದವಿ ಬಿಡಿಸಬೇಡಿ. ಈ ಕೆಲಸವನ್ನು ಅವಳಿಂದ ತೆಗೆಯಿರಿ ಎಂದು ಕ್ಲಾಸ್ ಟೀಚರ್ ಹತ್ತಿರ ನೇರವಾಗಿ ಕೇಳಿ.

ಬದಲಿಗೆ ಏನು? ಶಿಕ್ಷಕರಿಲ್ಲದ ಪೀರಿಯಡ್ಡಿನಲ್ಲಿ ಕ್ಲಾಸ್ ಹೇಗಿರಬೇಕೆಂದು ಕ್ಲಾಸೇ ನಾಲ್ಕೈದು ನಿಯಮ ಮಾಡಿಕೊಳ್ಳಲಿ, ಮುರಿದರೆ ಏನು ಎಂಬುದನ್ನೂ ಅವರೇ ಬರೆಯಲಿ. ಲೀಡರ್ ಕೆಲಸ ಆ ನಿಯಮವನ್ನು ನೆನಪಿಸುವುದು, ವಾರದ ಸಭೆಯಲ್ಲಿ "ಈ ನಿಯಮ ನಡೀತಿಲ್ಲ, ಏನು ಮಾಡೋಣ" ಎಂದು ಕೇಳುವುದು. ಕೋಲ್ಬರ್ಗ್ ಕೂಡ ಕಥೆಗಳಾಚೆಗೆ ಹೋಗಿ ಬಂದು ನಿಂತದ್ದು ಇಲ್ಲಿಗೇ. 1974ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಅವನ ನೆರವಿನಿಂದ ಶುರುವಾದ ಕ್ಲಸ್ಟರ್ ಸ್ಕೂಲಿನಲ್ಲಿ ವಿದ್ಯಾರ್ಥಿಗೂ ಶಿಕ್ಷಕರಿಗೂ ಒಂದೊಂದೇ ಮತ. ಅಲ್ಲೊಮ್ಮೆ ಒಬ್ಬ ಹುಡುಗಿಯ ಪರ್ಸಿನಿಂದ ಹಣ ಕಳುವಾದಾಗ ಸಭೆ ನಡೆಸಿ, ಎಲ್ಲರೂ ಚಿಲ್ಲರೆ ಕಾಸು ಹಾಕಿ ಅವಳ ಹಣ ತುಂಬಿಕೊಡುವುದೆಂದು ತೀರ್ಮಾನಿಸಿದರು. ಕಳ್ಳ ಯಾರು ಎನ್ನುವುದರ ಜೊತೆಗೆ ನಮ್ಮ ನಡುವೆ ಕಳ್ಳತನ ಏಕಾಯಿತು ಎಂಬ ಪ್ರಶ್ನೆಯೂ ಎದ್ದಿತು.

4. ಕಾರಣ ಕೇಳುವುದನ್ನು ರೂಢಿ ಮಾಡಿ

ಪ್ರತಿ ನಿರ್ಧಾರದ ಎದುರು ನೋಟ್‌ಬುಕ್ಕಿನಲ್ಲಿ "ಏಕೆಂದರೆ" ಎಂದು ಒಂದು ಸಾಲು ಬರೆಸಿ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಒಂದು ಉದಾಹರಣೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಸಿಗುತ್ತದೆ. ಬಡಿಸುವುದು ಸುಲಭವಾಗಲೆಂದು ಮೊಟ್ಟೆಯವರದೊಂದು ಸಾಲು, ಬಾಳೆಹಣ್ಣಿನವರದೊಂದು ಸಾಲು ಆಗಿಬಿಡುತ್ತದೆ. ಹೀಗೆ ಬೇರೆ ಬೇರೆ ಕೂರಿಸಬೇಕೇ ಎಂಬುದನ್ನು ಆಹಾರ ಮಂತ್ರಿ ನಿರ್ಧರಿಸಲಿ. ಬರಬಹುದಾದ ಕಾರಣಗಳನ್ನು ನೋಡಿ:

"ಒಟ್ಟಿಗೆ ಕೂರಿಸಿದ್ರೆ ಅವರ ಮನೆಯವರು ಬಂದು ಬೈತಾರೆ." ಇದು ಏಟಿನ ಭಯ.
"ಎಲ್ಲರೂ ಅವರವರ ಫ್ರೆಂಡ್ಸ್ ಜೊತೆ ಹಾಗೇ ಕೂರ್ತಾರೆ, ಯಾಕೆ ಬದಲಾಯಿಸಬೇಕು?" ಇದು ಮೂರನೇ ಹಂತ.
"ಮೊದಲಿಂದ ರೂಲ್ಸ್ ಹಾಗೇ ಇದೆ." ಇದು ನಾಲ್ಕು.
"ಬೇರೆ ಬೇರೆ ಕೂತ್ರೆ ಯಾರು ಯಾವ ಜಾತಿ ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಅದು ಊಟದ ಜಾಗ, ಅದಕ್ಕಲ್ಲ." ಇಂಥ ಮಾತು ಬಂದರೆ ಆ ಹುಡುಗಿ ನಿಯಮವನ್ನೇ ನ್ಯಾಯದ ಎದುರು ನಿಲ್ಲಿಸಿದ್ದಾಳೆ ಎಂದು ತಿಳಿಯಿರಿ.

ಹದಿನಾಲ್ಕರ ಮಕ್ಕಳಿಂದ ಕೊನೆಯ ಮಾತು ಪ್ರತಿ ಸಲ ಬರುವುದಿಲ್ಲ. ಬಂದಾಗ ದೊಡ್ಡವರ ಕಿವಿಗೆ ಬೀಳುವಂತಿರಬೇಕು, ಅದಕ್ಕೇ ಈ ನೋಟ್‌ಬುಕ್. ಮಕ್ಕಳ ತರ್ಕ ಮೇಲೇರುವುದು ತಮಗಿಂತ ಸ್ವಲ್ಪ ಮುಂದಿರುವ ಜೊತೆಯವರ ವಾದ ಕೇಳಿದಾಗ. ನಿಮ್ಮ ಉಪದೇಶಕ್ಕಿಂತ ಪಕ್ಕದ ಬೆಂಚಿನವಳ "ಏಕೆಂದರೆ" ಹೆಚ್ಚು ಕೆಲಸ ಮಾಡುತ್ತದೆ.

ಚರ್ಚೆಗೆ ಔಷಧ ಕದ್ದ ಗಂಡನ ಕಥೆಯನ್ನೇ ಹೇಳಬೇಕಿಲ್ಲ. ನಡೆದ ಘಟನೆಯೇ ಇದೆ, ಅದೂ ಅವರದೇ ವಯಸ್ಸಿನವಳದು. 1951ರ ಏಪ್ರಿಲ್ 23, ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್. ಕರಿಯ ಮಕ್ಕಳಿಗೆಂದೇ ಇದ್ದ ಮೋಟನ್ ಹೈಸ್ಕೂಲಿನಲ್ಲಿ ಜಾಗ ಸಾಲದೆ ಟಾರ್ ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಮತ್ತು ಅವಳ ಕೆಲವು ಸಂಗಡಿಗರು ಸುಳ್ಳು ಫೋನ್ ಕರೆಯೊಂದರಿಂದ ಮುಖ್ಯೋಪಾಧ್ಯಾಯರನ್ನು ಹೊರಗೆ ಕಳುಹಿಸಿದರು, ಅವರ ಹೆಸರಿನಲ್ಲಿ ಕ್ಲಾಸುಗಳಿಗೆ ಚೀಟಿ ಕಳುಹಿಸಿ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದರು. ಪರದೆ ಸರಿದಾಗ ವೇದಿಕೆಯ ಮೇಲೆ ಬಾರ್ಬರಾ. ಶಿಕ್ಷಕರನ್ನು ಹೊರಹೋಗಲು ಹೇಳಿ, ಹೊಸ ಕಟ್ಟಡ ಸಿಗುವವರೆಗೆ ಮುಷ್ಕರ ಎಂದಳು. ನಾನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವಳ ಹಿಂದೆ ಹೊರನಡೆದರು. ಈ ಮುಷ್ಕರದಿಂದ ಹುಟ್ಟಿದ ಮೊಕದ್ದಮೆ ಮುಂದೆ 1954ರ ಬ್ರೌನ್ ತೀರ್ಪಿನ ಐದು ಮೊಕದ್ದಮೆಗಳಲ್ಲಿ ಒಂದಾಯಿತು, ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಬಾರ್ಬರಾಗೆ ಮಾತ್ರ ಬೆದರಿಕೆಗಳು ಬಂದು ಊರು ಬಿಟ್ಟು ಸಂಬಂಧಿಕರ ಮನೆಯಲ್ಲಿ ಓದು ಮುಂದುವರಿಸಬೇಕಾಯಿತು.

ಮಕ್ಕಳಿಗೆ ಕೇಳಬೇಕಾದದ್ದು: ಸುಳ್ಳು ಚೀಟಿ ಕಳುಹಿಸಿದ್ದು ಸರಿಯೇ? ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿದ್ದರೆ ಅವರ ನೌಕರಿಗೆ ಏನಾಗುತ್ತಿತ್ತು? ಹಿಂಬಾಲಿಸಿದ ಚಿಕ್ಕ ಮಕ್ಕಳಿಗೆ ಪೆಟ್ಟಾಗಿದ್ದರೆ ಹೊಣೆ ಯಾರದು? ಉತ್ತರ ಹೇಳಲು ಹೋಗಬೇಡಿ. ಸಿದ್ಧ ಉತ್ತರ ನನ್ನಲ್ಲೂ ಇಲ್ಲ. ಮುಚ್ಚುಮರೆ ಇಲ್ಲದಿರುವುದು ನೈಜ ನಾಯಕತ್ವದ ಲಕ್ಷಣವಾದರೆ ಈ ಚೀಟಿಯನ್ನು ಎಲ್ಲಿಡುವುದು ಎಂಬುದು ದೊಡ್ಡವರಿಗೂ ಬಿಡಿಸಲು ಕಷ್ಟವಾದ ಗಂಟು.

5. ನಿರ್ಧಾರಕ್ಕೆ ಒಂದು ರಾತ್ರಿ ಬಿಡಿ

ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಹದಿಹರೆಯದವರಿಗೂ ದೊಡ್ಡವರಿಗೂ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. ಸ್ನೇಹಿತರು ಪಕ್ಕದಲ್ಲಿದ್ದಾಗ ಹದಿಹರೆಯದವರು ಅಪಾಯಕ್ಕೆ ಕೈ ಹಾಕುವುದು ಬಹಳ ಹೆಚ್ಚಿತು, ಇಪ್ಪತ್ತನಾಲ್ಕು ದಾಟಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಸಮಾಧಾನದಿಂದ ಯೋಚಿಸಲು ಬಿಟ್ಟರೆ ಹದಿನಾರರ ಹುಡುಗರ ತರ್ಕ ದೊಡ್ಡವರಿಗಿಂತ ಹೆಚ್ಚೇನೂ ಕಡಿಮೆಯಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಬುದ್ಧಿಗಿಂತ ಸನ್ನಿವೇಶದ ತೊಂದರೆ ಹೆಚ್ಚು.

ಹಾಗಾಗಿ ಸಭೆಯಲ್ಲಿ ಇವತ್ತು ಚರ್ಚೆ, ನಾಳೆ ಮತ. ಕೈ ಎತ್ತಿಸಬೇಡಿ, ಚೀಟಿಯಲ್ಲಿ ಬರೆಸಿ. ಕೈ ಎತ್ತಿಸಿದರೆ ಎಲ್ಲರ ಕಣ್ಣೂ ಕ್ಲಾಸಿನ ದಾದಾನ ಕೈ ಮೇಲೆ. ಒಬ್ಬ ಹುಡುಗನಿಗೆ ಶಿಕ್ಷೆ ಆಗುವಂಥ ಯಾವ ನಿರ್ಧಾರವನ್ನೂ ಅದೇ ದಿನ ತೆಗೆದುಕೊಳ್ಳಲು ಬಿಡಬೇಡಿ.

6. ಮಕ್ಕಳು ನಿಮ್ಮ ವಿರುದ್ಧ ನಿರ್ಧರಿಸಿದ ದಿನ

ಅದು ಬಂದೇ ಬರುತ್ತದೆ. ವಾಲಿಬಾಲ್ ನೆಟ್ ಸಂಜೆ ಹೆಣ್ಣುಮಕ್ಕಳಿಗೆ ಎಂದು ಸಂಸತ್ತು ತೀರ್ಮಾನಿಸುತ್ತದೆ. ತಾಲೂಕು ಮಟ್ಟಕ್ಕೆ ಹೋಗಬೇಕಾದ ಹುಡುಗರ ತಂಡ ಏನು ಮಾಡಬೇಕು ಎಂದು ದೈಹಿಕ ಶಿಕ್ಷಕರು ಸಿಟ್ಟಾಗುತ್ತಾರೆ. ಮೊದಲ ಪಟ್ಟಿಯಲ್ಲಿ ಬರೆದ ವಿಷಯವಾದರೆ ನಿರ್ಧಾರ ನಿಲ್ಲಲಿ. ನಿಮ್ಮ ಆಕ್ಷೇಪವನ್ನು ನೀವೂ ಒಬ್ಬ ಸದಸ್ಯರಂತೆ ಸಭೆಯಲ್ಲಿ ಹೇಳಿ, ಮುಂದಿನ ವಾರ ಮರುಪರಿಶೀಲನೆ ಕೇಳಿ. ಹೆಡ್‌ಮಾಸ್ಟರ ರೂಮಿಗೆ ಪ್ರಧಾನಿಯನ್ನು ಕರೆಸಿ "ಏನೋ, ದೊಡ್ಡ ಮನುಷ್ಯ ಆಗಿಬಿಟ್ಟೆಯಾ?" ಎಂದರೆ ಅಲ್ಲಿಗೆ ವರ್ಷದ ಶ್ರಮ ಮುಗಿಯಿತು. ಆ ಹುಡುಗ ಅಂದಿನಿಂದ ನಿಮಗೆ ಬೇಕಾದ್ದನ್ನೇ ನಿರ್ಧರಿಸುತ್ತಾನೆ, ಬಹಳ ವಿನಯದಿಂದ.

7. ಶಾಲೆಯ ಗೇಟಿನಾಚೆ: ಮಕ್ಕಳ ಗ್ರಾಮಸಭೆ

ಗ್ರಾಮ ಪಂಚಾಯತಿ ವರ್ಷಕ್ಕೊಮ್ಮೆ ಮಕ್ಕಳಿಗಾಗಿಯೇ ನಡೆಸುವ ಸಭೆ ಇದು. ಕುಂದಾಪುರ ಸೀಮೆಯ ಕೆಲವು ಪಂಚಾಯತಿಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ನಡೆದಿದ್ದವು. ಮಕ್ಕಳಿಗೆ ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕಿದೆ ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮಗು ಗಿಳಿಪಾಠ ಒಪ್ಪಿಸುವುದು. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) "ಪರಿಶೀಲಿಸುತ್ತೇವೆ" ಎಂದು ಬರೆದುಕೊಳ್ಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ. ಇದರ ಬದಲು ಸಭೆಗೆ ಎರಡು ವಾರ ಮೊದಲು ಮಕ್ಕಳೇ ಸುತ್ತಾಡಿ ಮಾಹಿತಿ ಕಲೆಹಾಕಲಿ. ಶಾಲೆಯ ಶೌಚಾಲಯದಲ್ಲಿ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಬಸ್ಸು ತಪ್ಪಿದವರು ಎಷ್ಟು ದೂರ ನಡೆಯುತ್ತಾರೆ, ಗೇಟಿನಿಂದ ಗುಟ್ಕಾ ಅಂಗಡಿಗೆ ಎಷ್ಟು ಹೆಜ್ಜೆ. ಶಿಕ್ಷಣ ಸಂಸ್ಥೆಯ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎನ್ನುತ್ತದೆ 2003ರ ಕಾಯ್ದೆ, ಅಳತೆ ಟೇಪು ಹಿಡಿದು ಹೋದ ಮಕ್ಕಳ ಮಾತಿಗೆ ತೂಕವೇ ಬೇರೆ. ಆದರೆ ಆ ಅಂಗಡಿ ಕ್ಲಾಸಿನಲ್ಲೇ ಯಾರದೋ ಅಪ್ಪನದಾಗಿರಬಹುದು. ಆಗ ಆ ಮಗುವನ್ನು ಒಂಟಿ ಮಾಡದೆ ವಿಷಯ ಎತ್ತುವುದು ಹೇಗೆ ಎಂಬುದನ್ನೂ ಮಕ್ಕಳೇ ಚರ್ಚಿಸಲಿ. ಗಿಲಿಗನ್ ಹೇಳಿದ ಕಾಳಜಿಗೂ ಕೋಲ್ಬರ್ಗ್ ಹೇಳಿದ ನ್ಯಾಯಕ್ಕೂ ನಿಜವಾದ ಪರೀಕ್ಷೆ ಇಲ್ಲಿದೆ. ಹೋಗುವಾಗ ಹಿಂದಿನ ವರ್ಷದ ಬೇಡಿಕೆ ಪಟ್ಟಿಯನ್ನು ಮರೆಯದೆ ಒಯ್ಯಿರಿ. "ಹೋದ ಸಲ ಹೇಳಿದ್ದು ಏನಾಯ್ತು, ಸರ್?" ಎಂಬುದು ಮೊದಲ ಪ್ರಶ್ನೆಯಾಗಲಿ.

8. ಮಕ್ಕಳ ಹೆಗಲಿಗೆ ಹಾಕಬಾರದವು

ಹೊಡೆತ, ಲೈಂಗಿಕ ಕಿರುಕುಳ, ಬಾಲ್ಯವಿವಾಹದ ಸುಳಿವು, ಸಾಯುವ ಮಾತಾಡುವ ಗೆಳೆಯ. ಇವನ್ನು ಸಂಸತ್ತಿನಲ್ಲಿ ಚರ್ಚಿಸುವಂತಿಲ್ಲ, ಮತಕ್ಕಂತೂ ಹಾಕುವಂತೆಯೇ ಇಲ್ಲ. ಲೀಡರ್ ಮಾಡಬೇಕಾದದ್ದು ಒಂದೇ, ನಂಬಿಕೆಯ ದೊಡ್ಡವರಿಗೆ ಕೂಡಲೇ ಹೇಳುವುದು ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು. ಲೈಂಗಿಕ ಅಪರಾಧದ ವಿಷಯ ತಿಳಿದ ಮೇಲೆ ಪೊಲೀಸರಿಗೆ ವರದಿ ಮಾಡುವುದು ಪೋಕ್ಸೋ ಕಾಯ್ದೆಯಡಿ ದೊಡ್ಡವರ ಕಡ್ಡಾಯ ಹೊಣೆ, ಶಾಲೆಯ ಮರ್ಯಾದೆಯ ನೆಪ ಅಲ್ಲಿ ನಡೆಯುವುದಿಲ್ಲ. "ಗೆಳತಿ ಯಾರಿಗೂ ಹೇಳಬೇಡ ಅಂದಿದ್ದಾಳೆ" ಎಂಬ ಇಕ್ಕಟ್ಟು ಈ ವಯಸ್ಸಿನವರಿಗೆ ಅತಿ ದೊಡ್ಡದು. ಹಾಗಾಗಿ ಇಂಥ ಗುಟ್ಟನ್ನು ಮುರಿದರೆ ವಂಚನೆಯಲ್ಲ ಎಂಬುದನ್ನು ವರ್ಷದ ಮೊದಲ ಸಭೆಯಲ್ಲೇ, ಯಾರ ಹೆಸರೂ ಇಲ್ಲದ ಹೊತ್ತಿನಲ್ಲಿ, ಹೇಳಿಟ್ಟಿರಿ. 1098 ಸಂಖ್ಯೆಯನ್ನು ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ದೊಡ್ಡದಾಗಿ ಬರೆಸಿ, ಶೌಚಾಲಯದ ಗೋಡೆಯ ಮೇಲೂ ಬರೆಸಿ. ಒಬ್ಬರೇ ನಿಂತು ಓದಿಕೊಳ್ಳಲು ಮಕ್ಕಳಿಗೆ ಸಿಗುವ ಜಾಗ ಅದೊಂದೇ.